ಇಲ್ಲದ ಫೋನಿನಲ್ಲಿ ಒಂದೂಮುಕ್ಕಾಲು ತಾಸಿನ ರಾಜ್ಯಭಾರ

ನಾನು ಸರ್ವಾಧಿಕಾರ ಅನುಭವಿಸಿದ್ದು ಜನ್ಮದಲ್ಲಿ ಒಂದೇ ಸಲ, ಅದೂ ಒಂದೂಮುಕ್ಕಾಲು ತಾಸು. ರಾಜ್ಯವೆಂದರೆ ಒಂದು ಫೋನು. ಆ ಫೋನು ಕೂಡ ನಿಜವಾಗಿ ಇರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಫೋನಿನ ವೇಷ ಹಾಕಿಕೊಂಡು ನಿಲ್ಲುವ ಎಮ್ಯುಲೇಟರ್ ಎಂಬ ಪ್ರೋಗ್ರಾಂ ಅದು. ಗೆಲ್ಲಲು ಮೂರು ದಿನಕ್ಕೂ ಮಿಕ್ಕಿ ಹಿಡಿಯಿತು.

ನವಲಗುಂದದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕಂಪ್ಯೂಟರ್ ಸೆಂಟರ್ ಇದೆ. ಪಹಣಿ ತೆಗೆದುಕೊಡುತ್ತೇನೆ, ಅರ್ಜಿ ತುಂಬುತ್ತೇನೆ, ಕಲಿಯುವವರು ಬಂದರೆ ಟೈಪಿಂಗ್ ಹೇಳಿಕೊಡುತ್ತೇನೆ. ಸರಕಾರಿ ಆಪ್‌ಗಳಲ್ಲಿ ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಎಂಬುದನ್ನು ರೈತರಿಗೆ ದೊಡ್ಡ ಪರದೆಯ ಮೇಲೆ ತೋರಿಸಲೆಂದೇ ಎಮ್ಯುಲೇಟರ್ ಹಾಕಿಕೊಂಡಿದ್ದೆ. ಅದರಿಂದ ಇದಕ್ಕಿಂತ ಹೆಚ್ಚಿನ ಸಾಧನೆ ಮಾಡುವ ಉದ್ದೇಶ ನನಗೆ ಇರಲಿಲ್ಲ.

ಒಂದು ಸೋಮವಾರ ಮುಂಜಾನೆ, ಹಿಂದೊಮ್ಮೆ ನನ್ನಲ್ಲಿ ಟೈಪಿಂಗ್ ಕಲಿತಿದ್ದ ಹೆಣ್ಣುಮಗಳು ಬಂದಳು. ಈಗ ಆಕೆ ಅರ್ಧ ತಾಸಿನ ದಾರಿಯ ಒಂದು ಹಳ್ಳಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಾಳೆ. ಹಳ್ಳಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಸುತ್ತಲ ಏಳೆಂಟು ಊರುಗಳ ಹೆಂಗಸರ ಕುಬಸಗಳು, ಎಂದರೆ ರವಿಕೆಗಳು, ಆಕೆಯ ಕೈಯಲ್ಲೇ ಆಗುತ್ತವೆ. ಮೊರಬದಿಂದಲೂ ಬಟ್ಟೆ ಬರುತ್ತದಂತೆ. ಅಂದು ಚೀಲದಿಂದ ಒಂದು ಹಳೆಯ ಫೋನು, ಒಂದು ಹೊಸ ಫೋನು, ಉಗುರಿನಷ್ಟು ಮೆಮೊರಿ ಕಾರ್ಡು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಹಳೆಯದು ಸತ್ತಿತ್ತು. ರಿಪೇರಿಯವನು ಒಳಗಿನ ಬೋರ್ಡೇ ಸುಟ್ಟಿದೆ ಎಂದು ಹೇಳಿ ಕೈತೊಳೆದುಕೊಂಡಿದ್ದ. ಗಿರಾಕಿಗಳ ಅಳತೆಗಳನ್ನೆಲ್ಲ ಆಕೆ ಅದರಲ್ಲಿದ್ದ ಒಂದು ಹೊಲಿಗೆ ಆಪ್‌ನಲ್ಲಿ ಬರೆದಿಟ್ಟಿದ್ದಳು. ಆಪ್ ಮಾಡಿದವರು ತಮ್ಮ ವ್ಯವಹಾರ ಮುಚ್ಚಿ ಎರಡು ವರ್ಷವಾಗಿತ್ತು. ಹೊಸ ಫೋನಿಗೆ ಅದು ಸಿಗುತ್ತಿರಲಿಲ್ಲ, ಸಿಕ್ಕಿದ್ದರೂ ಅದರಲ್ಲಿ ನಡೆಯುತ್ತಿರಲಿಲ್ಲ. ಒಂದು ಪುಣ್ಯದ ಕೆಲಸ ಮಾತ್ರ ಆಗಿತ್ತು. ಫೋನು ಸಾಯುವ ಮುನ್ನ, ಜಾಗ ಸಾಲುವುದಿಲ್ಲ ಎಂದು ಅದು ಪೀಡಿಸುತ್ತಿದ್ದಾಗ, ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಎಂಬುದನ್ನು ಒತ್ತಿ ಎಲ್ಲವನ್ನೂ ಈ ಕಾರ್ಡಿಗೆ ಕಳಿಸಿದ್ದಳು.

ಶುಕ್ರವಾರದೊಳಗೆ ಅಳತೆ ಬೇಕು, ಅದರ ಮುಂದಿನ ವಾರ ಮದುವೆ ಎಂದಳು. ನೋಡೋಣ ಎಂದೆ. ನನ್ನ ಬಾಯಿಂದ ಬರುವ ನೋಡೋಣ ಎಂಬ ಮಾತು ಇಷ್ಟು ವರ್ಷಗಳಲ್ಲಿ ನನಗೆ ಮಾಡಿದಷ್ಟು ಹಾನಿ ಬೇರೆ ಯಾರೂ ಮಾಡಿಲ್ಲ.

ಕಾರ್ಡಿನಲ್ಲಿದ್ದ ಕಡತಕ್ಕೆ ಫೋನ್ ತಯಾರಿಸಿದ ಕಂಪನಿಯ ನಾಲ್ಕು ಸಾಲಿನ ತಲೆಪಟ್ಟಿ ಇತ್ತು. ಅದನ್ನು ಕತ್ತರಿಸಿ, ಉಳಿದದ್ದನ್ನು ಬಿಚ್ಚಿದಾಗ ಎಲ್ಲವೂ ಸಿಕ್ಕಿತು: ಆಪ್ ಸಿಕ್ಕಿತು, ಅದರ ಸೆಟ್ಟಿಂಗ್ಸ್ ಸಿಕ್ಕವು, ಅಳತೆಗಳ ಡೇಟಾಬೇಸ್ ಸಿಕ್ಕಿತು. ಮಧ್ಯಾಹ್ನದ ಊಟಕ್ಕೆ ಮೊದಲೇ ಕೆಲಸ ಮುಗಿಯಿತೆಂದು ಚಹಾ ತರಿಸಿದೆ. ಚಹಾ ಆರುವ ಮೊದಲೇ ತಿಳಿಯಿತು, ಡೇಟಾಬೇಸಿಗೆ ಬೀಗವಿದೆ, ಅದನ್ನು ತೆರೆಯುವ ಬಗೆ ಆ ಆಪ್‌ಗೆ ಮಾತ್ರ ಗೊತ್ತು. ಕುಬಸದ ಅಳತೆಗೆ ಖಜಾನೆಯ ಬೀಗ ಯಾರು ಹಾಕಿದರೋ ಎಂದು ಬೈದುಕೊಂಡೆ. ಇನ್ನು ಉಳಿದದ್ದು ಒಂದೇ ದಾರಿ. ಹಳೆಯ ಕಾಲದ ಫೋನಿನಂಥ ಒಂದು ಎಮ್ಯುಲೇಟರಿನಲ್ಲಿ ಆಪ್ ಹಾಕಿ, ಅದರ ಖಾಸಗಿ ಕೋಣೆಯಲ್ಲಿ ಈ ಕಡತಗಳನ್ನು ಇಟ್ಟು, ಎಲ್ಲಿಗೂ ಹೋಗಿಯೇ ಇರಲಿಲ್ಲ ಎಂಬಂತೆ ಅದನ್ನು ಎಬ್ಬಿಸುವುದು.

ಇಲ್ಲಿ ಒಂದು ಮಾತು ಹೇಳಬೇಕು. ಫೋನಿನಲ್ಲಿ ಪ್ರತಿಯೊಂದು ಆಪ್‌ಗೂ ತನ್ನದೇ ಒಂದು ಕೋಣೆ ಇರುತ್ತದೆ. ಅದರೊಳಗೆ ಬೇರೆ ಆಪ್ ಹೋಗುವಂತಿಲ್ಲ, ಫೋನು ಕೊಂಡ ಯಜಮಾನನೂ ಹೋಗುವಂತಿಲ್ಲ. ಎಲ್ಲ ಕೋಣೆಗಳಿಗೂ ಹೋಗಬಲ್ಲ ಒಬ್ಬ ಮಹಾಪುರುಷ ಒಳಗಿದ್ದಾನೆ, ಅವನಿಗೆ ರೂಟ್ ಎನ್ನುತ್ತಾರೆ. ಆ ಪದವಿ ಪಡೆಯಲು ಫೋನಿನ ವ್ಯವಸ್ಥೆಯನ್ನೇ ತಿದ್ದುವ ಸಾಧನಗಳಿವೆ. ಆಕೆಯ ಹೊಸ ಫೋನಿಗೆ ಆ ಶಸ್ತ್ರಕ್ರಿಯೆ ಮಾಡಿದರೆ ಬ್ಯಾಂಕಿನ ಆಪ್ ಮುನಿಸಿಕೊಳ್ಳುತ್ತದೆ. ಇಲ್ಲದ ಫೋನಿಗೆ ಮಾಡಿದರೆ ಯಾರೂ ಕೇಳುವುದಿಲ್ಲ.

ಮೊದಲ ಎಮ್ಯುಲೇಟರು ಆಪ್ ಅನ್ನು ಒಳಗೇ ಬಿಡಲಿಲ್ಲ. ಆಪ್ ಬರೆದದ್ದು ಫೋನಿನ ಪ್ರೊಸೆಸರಿಗೆ; ನನ್ನ ಕಂಪ್ಯೂಟರಿನದು ಬೇರೆ ಜಾತಿ. ಆಂಡ್ರಾಯ್ಡ್ ಹನ್ನೊಂದರ ಎಮ್ಯುಲೇಟರಿನಲ್ಲಿ ನಡುವೆ ನಿಂತು ತರ್ಜುಮೆ ಮಾಡುವ ವ್ಯವಸ್ಥೆ ಇದೆಯೆಂದು ಓದಿ ಅದನ್ನು ಇಳಿಸಿದೆ. ನಮ್ಮಲ್ಲಿಯ ನೆಟ್‌ವರ್ಕಿಗೆ ಅದು ಸಂಜೆಯ ಆರರವರೆಗಿನ ಕೆಲಸ. ಮಂಗಳವಾರ ಮುಂಜಾನೆ ಆಪ್ ಕೂತಿತು. ಈ ಎಮ್ಯುಲೇಟರು ಪ್ಲೇ ಸ್ಟೋರ್ ಇಲ್ಲದ ಬಗೆಯದು, ರೂಟ್ ಪದವಿ ಕೇಳಿದ ಕೂಡಲೇ ಕೊಡುತ್ತದೆ. ನಾನು ಕೇಳಿದೆ, ಅದು ಕೊಟ್ಟಿತು. ಆಪ್ ತೆರೆದರೆ, ಸ್ಟೋರ್ ಎಲ್ಲಿದೆ ಎಂದು ಕೇಳಿ ಬಾಗಿಲು ಹಾಕಿಕೊಂಡಿತು. ಸರಿ, ಸ್ಟೋರ್ ಇರುವ ಬಗೆಯದನ್ನು ಇಳಿಸಿದೆ. ಅಲ್ಲಿ ಆಪ್ ತಕರಾರಿಲ್ಲದೆ ತೆರೆಯಿತು. ಆದರೆ ರೂಟ್ ಕೇಳಿದರೆ, ಇದು ಗ್ರಾಹಕರಿಗೆ ಕೊಡುವ ಆವೃತ್ತಿ, ಇಲ್ಲಿ ಅಂಥದ್ದೆಲ್ಲ ನಡೆಯುವುದಿಲ್ಲ ಎಂಬ ಅರ್ಥದ ಒಂದು ಸಾಲು ಬಂತು. ತಾಲೂಕು ಕಚೇರಿಯ ಕಿಟಕಿಯಲ್ಲಿ ಈ ಧ್ವನಿಯನ್ನು ಬಹಳ ಸಲ ಕೇಳಿದ್ದೇನೆ.

ಹೀಗಾಗಿ ಆ ಪದವಿಯನ್ನು ಕಸಿದುಕೊಳ್ಳುವುದೇ ಆಯಿತು. ವಿಧಾನ ಹೀಗಿದೆ: ಎಮ್ಯುಲೇಟರು ಏಳುವಾಗ ಮೊಟ್ಟಮೊದಲು ಓದುವ ರ‍್ಯಾಮ್‌ಡಿಸ್ಕ್ ಎಂಬ ಚಿಕ್ಕ ಕಡತವೊಂದಿದೆ. ಅದರ ಒಂದು ಪ್ರತಿಯನ್ನು ಎಮ್ಯುಲೇಟರಿನೊಳಗೆ ಕಳಿಸಬೇಕು. ತಿದ್ದುವ ಸಾಧನಕ್ಕೆ ಅದನ್ನು ಕೊಟ್ಟರೆ ಅದು ತನ್ನ ಮನುಷ್ಯನನ್ನು ಅದರಲ್ಲಿ ಕೂರಿಸುತ್ತದೆ. ತಿದ್ದಿದ ಕಡತವನ್ನು ಹೊರಗೆ ತಂದು ಮೂಲದ ಜಾಗದಲ್ಲಿ ಇಟ್ಟು ಎಮ್ಯುಲೇಟರನ್ನು ಮತ್ತೆ ಎಬ್ಬಿಸಬೇಕು. ಮೂಲವನ್ನು ಬೇರೆಡೆ ಜೋಪಾನವಾಗಿ ತೆಗೆದಿಡಬೇಕು. ಪ್ರತಿ ಆಜ್ಞೆಯನ್ನೂ ಟೈಪಿಂಗ್ ಪಾಠದಂತೆ ಲಾಂಗ್‌ಬುಕ್ಕಿನಲ್ಲಿ ಬರೆದುಕೊಂಡು, ಒಂದೊಂದಕ್ಕೂ ಗುರುತು ಹಾಕುತ್ತ ಎಲ್ಲವನ್ನೂ ಮಾಡಿದೆ. ಎಬ್ಬಿಸಿದೆ. ಏನೂ ಆಗಿರಲಿಲ್ಲ.

ಮತ್ತೆ ಮಾಡಿದೆ. ಆಗಲಿಲ್ಲ. ಸಾಧನದ ಹಳೆಯ ಆವೃತ್ತಿ ತಂದೆ, ಹೊಸದು ತಂದೆ. ಬುಧವಾರ ಮಧ್ಯಾಹ್ನದವರೆಗೆ ಹನ್ನೊಂದು ಸಲ ಮಾಡಿದ ಗುರುತು ಪುಸ್ತಕದಲ್ಲಿದೆ. ಪಹಣಿಗೆ ಬಂದವರು ಬಾಗಿಲಲ್ಲಿ ನಿಂತು, ನನ್ನ ಮುಖ ನೋಡಿ, ನಾಳೆ ಬರ್ತೀವಿ ಬಿಡ್ರಿ ಎಂದು ಹೋದರು. ಆ ವಾರ ಕರೆಂಟು ದಿನಕ್ಕೆ ನಾಲ್ಕೈದು ಸಲ ಹೋಗುತ್ತಿತ್ತು. ಹೋದ ಕೂಡಲೇ ಯುಪಿಎಸ್ ಕೂಗಲು ಸುರು. ಅದರ ಆಯುಷ್ಯ ಐದು ನಿಮಿಷ. ಅಷ್ಟರಲ್ಲಿ ನಾನು ಓಡಿಬಂದು ಎಮ್ಯುಲೇಟರಿನ ಕಿಟಕಿ ಮುಚ್ಚುತ್ತಿದ್ದೆ. ಮುಚ್ಚಿದರೆ ಅದು ಆಗಿನ ತನ್ನ ಸ್ಥಿತಿಯನ್ನು ಹಾಗೇ ಉಳಿಸಿಕೊಂಡು ಮಲಗುತ್ತದೆ, ಕರೆಂಟು ಬಂದಾಗ ಬಿಟ್ಟಲ್ಲಿಂದಲೇ ಏಳುತ್ತದೆ. ಈ ಊರಿನಲ್ಲಿ ಕಂಪ್ಯೂಟರ್ ಇಟ್ಟವನಿಗೆ ಇದಕ್ಕಿಂತ ದೊಡ್ಡ ವರ ಇಲ್ಲ ಎಂದು ನಾನೇ ಹತ್ತು ಜನರಿಗೆ ಹೇಳಿದ್ದೇನೆ. ಕರೆಂಟು ಇರುವಾಗಲೂ ಬೇರೆ ರೀತಿಯಲ್ಲಿ ಮುಚ್ಚುವುದನ್ನು ನನ್ನ ಕೈ ಮರೆತುಬಿಟ್ಟಿತ್ತು.

ಬುಧವಾರ ಸಂಜೆ ಆಕೆ ಬಸ್ಸಿಳಿದು ನೇರ ಸೆಂಟರಿಗೆ ಬಂದಾಗ ನಾನು ಕೈಚೆಲ್ಲುವ ಹಂತದಲ್ಲಿದ್ದೆ. ಆ ಮಾತನ್ನು ಗೌರವಯುತವಾಗಿ ಹೇಳಲು ಒಂದು ಪೀಠಿಕೆಯನ್ನೂ ಸಿದ್ಧ ಮಾಡಿದ್ದೆ. ಯಂತ್ರದ ಮಿತಿ, ಮನುಷ್ಯನ ಮಿತಿ ಇತ್ಯಾದಿ. ಪೀಠಿಕೆ ಮುಗಿಸಿ ಕೇಳಿದೆ:

"ಅಲ್ಲವಾ, ಎಲ್ಲಾರೂ ಅಳತಿ ಕುಬಸ ಕಳಸ್ತಾರಲ್ಲ? ಒಂದು ತರಸ್ಕೊಂಡು, ಅದರ ಮ್ಯಾಲಿಟ್ಟು ಕತ್ತರಿಸಿಬಿಡು. ಈ ಆಪಿನ ಉಸಾಬರಿ ಯಾಕ?"

ನಮ್ಮ ಕಡೆ ಇರುವ ಕ್ರಮವೇ ಅದು. ಹೊಲಿಯಲು ಹಾಕುವ ಬಟ್ಟೆಯ ಜೊತೆ, ಮೈಗೆ ಸರಿಯಾಗಿ ಕೂತ ಹಳೆಯದೊಂದು ಕುಬಸವನ್ನು ಸುತ್ತಿ ಕಳಿಸುತ್ತಾರೆ. ಯಾರ ಕೈಯಲ್ಲಾದರೂ ಕಳಿಸುತ್ತಾರೆ, ಹಾಲಿನವನ ಕೈಯಲ್ಲೂ ಕಳಿಸುತ್ತಾರೆ.

ಆಕೆ ಬಾಗಿಲ ಕಡೆ ಒಮ್ಮೆ ನೋಡಿದಳು. ಯಾರೂ ಇರಲಿಲ್ಲ.

"ಉಳಿದವರ ಚಿಂತಿ ಇಲ್ರೀ ಸರ್. ಒಬ್ಬಾಕಿ ಅದಾಳ್ರಿ. ಆಕಿಗೆ ಎದಿ ಆಪರೇಷನ್ ಆಗೇತಿ, ಒಂದು ಬಾಜು ತಗದಾರ. ಅದು ಗಂಡಗ ಗೊತ್ತು, ನನಗ ಗೊತ್ತು. ಏಳು ಸರ್ತಿ ಬಿಚ್ಚಿ ಬಿಚ್ಚಿ ಹೊಲದೀನ್ರಿ, ಎರಡೂ ಕಡಿ ಸಮ ಕಾಣುವಂಗ. ಒಳಗ ಅರಿವಿ ಎಷ್ಟು ತುಂಬಬೇಕು, ಎಲ್ಲಿ ಎಷ್ಟು ಹಿಡೀಬೇಕು, ಎಲ್ಲಾ ಅದರಾಗ ಬರದೀನಿ."

ಮಾತು ಮುಂದುವರಿಸಿದಳು. "ಆಕಿ ಮಗಳ ಮದುವಿರಿ. ಮನಿ ತುಂಬ ಬೀಗರು, ಬಿಜ್ಜರು. ಅಳತಿ ಕುಬಸ ಕಳಸಂದ್ರ, ಯಾರರೆ ಹೊಳ್ಳಿಸಿ ನೋಡಿದ್ರ ಒಳಗಿಂದೆಲ್ಲಾ ಕಾಣ್ತೈತಿ. ನಾ ಹೋಗಿ ಟೇಪ ಹಿಡೀಲಿ ಅಂದ್ರ ಒಂದು ಖೋಲಿ ಖಾಲಿ ಇಲ್ಲ. ಅಳತಿ ಕಳಕೊಂಡೀನಿ ಅಂತ ಹೇಳಿದ್ರ ಆಕಿ ಜೀವಾನ ಹಾರಿ ಹೋಗ್ತೈತಿ. ನನ್ನ ಸುದ್ದಿ ಯಾರ ಕೈಯಾಗ ಐತೋ ಅಂತಾಳ."

ಪುಸ್ತಕದಲ್ಲಿ ಬರೆದಿಡಬಹುದಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ, ಪುಸ್ತಕ ಮಷೀನಿನ ಮೇಲೆ ಬಿದ್ದಿರುತ್ತದೆ, ಕಾಯುತ್ತ ಕೂತವರು ಹಾಳೆ ತಿರುವುತ್ತಾರೆ, ಅದಕ್ಕೇ ಬೀಗ ಇರುವ ಆಪ್ ಹುಡುಕಿ ಹಾಕಿಕೊಂಡೆ ಎಂದಳು. ಎರಡು ದಿನ ಆ ಬೀಗವನ್ನು ನಾನು ಬೈದಿದ್ದೆ. ಪೀಠಿಕೆಯನ್ನು ಮರಳಿ ನುಂಗಿದೆ. ನಾಳೆ ಮಧ್ಯಾಹ್ನ ಬಾ ಎಂದಷ್ಟೇ ಹೇಳಿ ಕಳಿಸಿದೆ. ಯಾವ ಭರವಸೆಯ ಮೇಲೆ ಹಾಗೆ ಹೇಳಿದೆನೋ ಇವತ್ತಿಗೂ ತಿಳಿಯದು.

ಗುರುವಾರ ಎಂಟಕ್ಕೇ ಸೆಂಟರ್ ತೆರೆದು, ಬೇರೇನೂ ಮಾಡದೆ ಲಾಂಗ್‌ಬುಕ್ಕು ಹಿಡಿದು ಕೂತೆ. ಹನ್ನೊಂದು ಸಲ ಬರೆದ ಹನ್ನೊಂದು ಪಟ್ಟಿಗಳನ್ನು ಮೊದಲಿಂದ ಓದಿದೆ. ಕೊನೆಯ ಸಾಲು ಎಲ್ಲದರಲ್ಲೂ ಒಂದೇ ಇತ್ತು: ಕಿಟಕಿ ಮುಚ್ಚಿ ಮತ್ತೆ ತೆರೆಯುವುದು. ಬಹಳ ಹೊತ್ತು ಆ ಸಾಲನ್ನೇ ನೋಡಿದೆ. ಎಮ್ಯುಲೇಟರು ಎಂದೂ ಸತ್ತು ಹುಟ್ಟಿರಲೇ ಇಲ್ಲ. ಬರೇ ಮಲಗಿ ಎದ್ದಿತ್ತು. ಮಲಗಿ ಎದ್ದವನು ರ‍್ಯಾಮ್‌ಡಿಸ್ಕ್ ಓದುವುದಿಲ್ಲ. ಅವನಿಗೆ ನಿನ್ನೆಯದೇ ನೆನಪು. ಹನ್ನೊಂದು ಸಲವೂ ನಾನು ಕಡತವನ್ನು ಸರಿಯಾಗಿ ಬದಲಿಸಿದ್ದೆ, ಹನ್ನೊಂದು ಸಲವೂ ಅದನ್ನು ಯಾರೂ ಓದಿರಲಿಲ್ಲ. ಕರೆಂಟಿನ ಭಯಕ್ಕೆ ಕಲಿತ ಚಾಳಿಯೊಂದು ಒಂದೂವರೆ ದಿನವನ್ನು ತಿಂದಿತ್ತು. ವರವೆಂದು ಹತ್ತು ಜನರಿಗೆ ಹೇಳಿದ್ದೆನಲ್ಲ, ಆ ಹತ್ತೂ ಜನರನ್ನು ಕರೆಸಿ ಹೇಳಿಕೆ ಹಿಂದಕ್ಕೆ ಪಡೆಯಬೇಕೆನಿಸಿತು.

ಪೂರ್ತಿ ಆರಿಸಿ ಮೊದಲಿಂದ ಎಬ್ಬಿಸುವ, ಕೋಲ್ಡ್ ಬೂಟ್ ಎಂಬ ಆಯ್ಕೆ ಹುಡುಕಿ ಒತ್ತಿದೆ. ಕಂಪನಿಯ ಗುರುತು ಬಂತು, ನಿಂತಿತು, ಬಹಳ ಹೊತ್ತು ನಿಂತಿತು. ಫೋನು ಎದ್ದಿತು. ಆಜ್ಞೆ ಬರೆಯುವ ಕಿಟಕಿಯಲ್ಲಿ ಅಧಿಕಾರ ಕೇಳಿದೆ. ಸಾಧನ ನನ್ನ ಒಪ್ಪಿಗೆ ಕೇಳಿತು, ಕೊಟ್ಟೆ. ಸಾಲಿನ ತುದಿಯಲ್ಲಿ ಸಾಮಾನ್ಯ ಪ್ರಜೆಗಳಿಗಿರುವ ಡಾಲರ್ ಚಿಹ್ನೆ ಹೋಗಿ ಹ್ಯಾಶ್ ಚಿಹ್ನೆ ಬಂತು. ಪಟ್ಟಾಭಿಷೇಕವೆಂದರೆ ಇಷ್ಟೇ. ಹತ್ತು ಗಂಟೆ ಹತ್ತು ನಿಮಿಷ ಎಂದು ಪುಸ್ತಕದಲ್ಲಿ ನಮೂದಿಸಿದೆ.

ರಾಜನ ಮೊದಲ ಆಜ್ಞೆ, ಆಕೆಯ ಕಡತಗಳನ್ನು ಆಪ್‌ನ ಕೋಣೆಯಲ್ಲಿ ಇಡುವುದು. ಇಟ್ಟೆ. ಆಪ್ ತೆರೆದ ಕೂಡಲೇ ಬಿದ್ದುಹೋಯಿತು. ಮತ್ತೆ ತೆರೆದೆ, ಮತ್ತೆ ಬಿತ್ತು. ಪಟ್ಟಿ ತೆಗೆದು ನೋಡಿದರೆ ಪ್ರತಿ ಕಡತದ ಎದುರೂ ಮಾಲೀಕ ರೂಟ್ ಎಂದಿತ್ತು. ಇಟ್ಟವನು ನಾನು, ಆದ್ದರಿಂದ ಅವು ನನ್ನವು. ತನ್ನದೇ ಮನೆಯಲ್ಲಿ ತನ್ನದೇ ಸಾಮಾನು ಮುಟ್ಟಲು ಆಪ್‌ಗೆ ಅಪ್ಪಣೆ ಇಲ್ಲ. ಫೋನು ಆಪ್‌ಗೆ ಕೊಟ್ಟಿರುವ ಗುರುತಿನ ಸಂಖ್ಯೆ ಹುಡುಕಿ, ಒಂದೊಂದೇ ಕಡತದ ಮಾಲೀಕತ್ವವನ್ನು ಅದರ ಹೆಸರಿಗೆ ವರ್ಗಾಯಿಸಿದೆ. ಅಷ್ಟಕ್ಕೇ ಮುಗಿಯಲಿಲ್ಲ, ಕಡತಗಳಿಗೆ ಭದ್ರತೆಯ ಚೀಟಿ ಎಂಬುದೊಂದಿದೆ, ಅದನ್ನೂ ಸರಿ ಮಾಡಬೇಕು. ಮಾಡಿದೆ. ಕಣ್ಣು ಉರಿಯುತ್ತಿದ್ದವು. ಈ ಸಲ ಆಪ್ ಬೀಳಲಿಲ್ಲ. ಅದರ ಬದಲು ಒಂದು ಬಿಳಿ ಚೌಕ ಬಂತು: ಈ ಫೋನು ಸುರಕ್ಷಿತವಾಗಿಲ್ಲ. ಸರಿ ಎಂಬುದನ್ನು ಒತ್ತಿದರೆ ಆಪ್ ಮುಚ್ಚಿತು.

ಸುರಕ್ಷಿತವಲ್ಲದ್ದು ಎಂದರೆ ನಾನೇ. ರೂಟ್ ಇರುವ ಫೋನಿನಲ್ಲಿ ಬಾಯಿ ಬಿಡಬಾರದೆಂದು ಆಪ್ ಮಾಡಿದ ಪುಣ್ಯಾತ್ಮರು ಅದಕ್ಕೆ ಕಲಿಸಿದ್ದರು. ಇದ್ದೂ ಇಲ್ಲದಂತೆ ತನ್ನನ್ನು ಮರೆಮಾಚುವ ಉಪಾಯ ತಿದ್ದುವ ಸಾಧನದಲ್ಲಿಯೇ ಇದೆ. ಅದನ್ನು ಹಾಕಿದೆ. ಚೌಕ ಹೋಗಲಿಲ್ಲ. ಅದಕ್ಕೆ ಜೋಡಿಸುವ ಇನ್ನೊಂದು ಸಾಧನವಿದೆ ಎಂದು ಯಾರೋ ಬರೆದಿದ್ದರು, ಅದನ್ನೂ ಹಾಕಿದೆ. ಹೋಗಲಿಲ್ಲ. ಅದಕ್ಕೂ ಮೇಲೊಂದಿದೆ ಎಂದು ಇನ್ಯಾರೋ ಬರೆದಿದ್ದರು. ಅದನ್ನು ಇಳಿಸಲು ಒತ್ತಿ, ಶೇಕಡಾ ಎರಡು, ಶೇಕಡಾ ಮೂರು ಎಂದು ನೋಡುತ್ತ ಕೂತವನಿಗೆ ಸುಸ್ತಿನಲ್ಲೇ ಬುದ್ಧಿ ಬಂತು. ನನಗೆ ರಾಜ್ಯ ಬೇಕಾಗಿದ್ದುದು ಒಂದು ಕೋಣೆಯಲ್ಲಿ ಸಾಮಾನು ಇಡುವುದಕ್ಕೆ. ಇಟ್ಟಾಗಿದೆ. ಇನ್ನೂ ಸಿಂಹಾಸನದ ಮೇಲೆ ಏಕೆ ಕೂತಿದ್ದೇನೆ?

ಇಳಿಯುತ್ತಿದ್ದುದನ್ನು ನಿಲ್ಲಿಸಿದೆ. ತಿದ್ದಿದ ರ‍್ಯಾಮ್‌ಡಿಸ್ಕನ್ನು ತೆಗೆದು ಮೂಲದ್ದನ್ನು ಅದರ ಜಾಗಕ್ಕೆ ತಂದಿಟ್ಟೆ. ಹಾಕಿದ ಸಾಧನಗಳನ್ನೆಲ್ಲ ಕಿತ್ತೆ. ಕೋಲ್ಡ್ ಬೂಟ್‌ಗೆ ಒತ್ತುವ ಮೊದಲು ಒಂದು ಕ್ಷಣ ಕೈ ನಿಂತದ್ದು ನಿಜ. ಮೂರೂವರೆ ದಿನ ದುಡಿದು ಸಂಪಾದಿಸಿದ್ದನ್ನು ಯಾರೂ ಕೇಳದೆ ಬಿಟ್ಟುಕೊಡುವುದು ನನ್ನಂಥ ಸಣ್ಣ ಮನುಷ್ಯನಿಗೂ ಕಷ್ಟವೇ. ಒತ್ತಿದೆ. ಹನ್ನೊಂದು ಐವತ್ತೈದು. ಹ್ಯಾಶ್ ಹೋಗಿ ಡಾಲರ್ ಬಂತು. ಆಪ್ ತೆರೆದೆ. ಬಿಳಿ ಚೌಕ ಬರಲಿಲ್ಲ. ನಾಲ್ಕು ಅಂಕಿಯ ಗುಪ್ತ ಸಂಖ್ಯೆ ಕೇಳುತ್ತ ಅದು ಸುಮ್ಮನೆ ನಿಂತಿತು.

ಆಕೆ ಒಂದರ ಬಸ್ಸಿಗೆ ಬಂದಳು. ಪರದೆ ತೋರಿಸಿದೆ. ಹತ್ತಿರ ಬಂದು ನೋಡಿ, ಇದೇ ಎಂದಳು. ಸಂಖ್ಯೆ ಹಾಕು, ಸಿಗದಿದ್ದರೆ ಇನ್ನೊಂದು ದಾರಿ ನೋಡೋಣ ಎಂದು ಕುರ್ಚಿ ಬಿಟ್ಟುಕೊಟ್ಟು ಹಿಂದೆ ನಿಂತೆ. ಆಕೆ ಕೂತಳು, ಆದರೆ ಕೈ ಮೇಲೆತ್ತಲಿಲ್ಲ.

"ಸರ್, ಸಿಟ್ಟಿಗೇಳಬ್ಯಾಡ್ರಿ. ತಾವು ಹೊರಗ ಕುಂಡ್ರತೀರೇನ್ರಿ?"

ಸಿಟ್ಟೇನೂ ಬರಲಿಲ್ಲ ಎಂದು ಬರೆದರೆ ಸುಳ್ಳಾದೀತು. ಕೆಲಸ ಗೆದ್ದಿತೋ ಇಲ್ಲವೋ ನೋಡುವ ಹಕ್ಕು ನನಗಿದೆ ಎಂದು ಒಂದು ಉಸಿರಿನಷ್ಟು ಹೊತ್ತು ಅನಿಸಿತು. ಆಮೇಲೆ ಒಂದು ಹಾಳೆ, ಒಂದು ಪೆನ್ನು ಆಕೆಯ ಮುಂದಿಟ್ಟು, ಬಾಗಿಲು ಮುಂದೆ ಮಾಡಿ ಹೊರಗಿನ ಕಟ್ಟೆಯ ಮೇಲೆ ಕೂತೆ. ಬಿಸಿಲು ಪಾದದವರೆಗೆ ಬಂದಿತ್ತು. ಹತ್ತಿ ತುಂಬಿದ ಟ್ರ್ಯಾಕ್ಟರೊಂದು ಬಸ್ಸಿಗೆ ಅಡ್ಡ ನಿಂತು ಎರಡೂ ಕಡೆಯವರು ಜಗಳವಾಡುತ್ತಿದ್ದರು. ಪಹಣಿಗೆ ಬಂದ ಒಬ್ಬರು, ಒಳಗ ಯಾರು ಎಂದು ಕೇಳಿದರು. ಪರೀಕ್ಷೆ ನಡೆದಿದೆ ಎಂದೆ. ಬಾಗಿಲ ಹಿಂದಿನಿಂದ, ಹುಡುಗರು ಮಗ್ಗಿ ಬಾಯಿಪಾಠ ಮಾಡುವಂಥ ಗುಣುಗುಣು ಸದ್ದು ಬರುತ್ತಿತ್ತು. ಅಂಕಿಗಳು ತಿಳಿಯದಷ್ಟು ದೂರಕ್ಕೆ ಕಟ್ಟೆಯ ಮೇಲೆ ಸರಿದು ಕೂತೆ.

ಇಪ್ಪತ್ತು ನಿಮಿಷಕ್ಕೆ ಬಾಗಿಲು ತೆರೆಯಿತು.

"ಆಕಿ ಸಿಕ್ಕಳ್ರಿ," ಎಂದಳು.

ಒಳಗೆ ಹೋದೆ. ಆಪ್ ಮುಚ್ಚಿತ್ತು. ಮೇಜಿನ ಮೇಲಿನ ಹಾಳೆ ಖಾಲಿ ಇತ್ತು, ಪೆನ್ನಿನ ಮುಚ್ಚಳವನ್ನೂ ತೆಗೆದಿರಲಿಲ್ಲ.

"ಬರಕೊಳ್ಳಲಿಲ್ಲೇನವಾ?"

"ಇಲ್ರಿ. ಆಕಿದು ತಲ್ಯಾಗ ಇಟಗೊಂಡೀನಿ. ಇನ್ನ ಇದನ್ನ ಅಳಿಸಿಬಿಡ್ರಿ."

ಉಳಿದ ಗಿರಾಕಿಗಳ ಅಳತೆಗಳೂ ಹೋಗುತ್ತವಲ್ಲ ಎಂದು ಎಚ್ಚರಿಸಿದೆ. ಅವರೆಲ್ಲ ಅಳತಿ ಕುಬಸ ಕೊಡುತ್ತಾರೆ, ಹೋದರೆ ಹೋಗಲಿ ಎಂದಳು. ನನಗೋ ಆ ಎಮ್ಯುಲೇಟರನ್ನು ಇಟ್ಟುಕೊಳ್ಳುವ ಆಸೆ ಇತ್ತು. ಒಳಗಿನದು ಬೇಡ, ನನ್ನ ಕೈಕೆಲಸದ ನೆನಪಿಗೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆಕೆ ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದಂತೆ ಮೊದಲು ಎಮ್ಯುಲೇಟರು, ಆಮೇಲೆ ಬಿಚ್ಚಿದ ಕಡತಗಳು, ಆಮೇಲೆ ಕಾರ್ಡಿನಲ್ಲಿದ್ದದ್ದು, ಹೀಗೆ ಒಂದೊಂದೇ ಅಳಿಸಿದೆ. ಕಂಪ್ಯೂಟರಿನ ಕಸದಬುಟ್ಟಿಯನ್ನೂ ಖಾಲಿ ಮಾಡಿಸಿದಳು. ಎಲ್ಲ ಸೇರಿ ಒಂದು ನಿಮಿಷ ಹಿಡಿದಿರಬಹುದು.

"ಖರೇನ ಹೋತೇನ್ರಿ?"

"ಹೋತು. ಇನ್ನ ನಾನೂ ತರಾಕ ಆಗೂದಿಲ್ಲ."

ಮೂರು ದಿನದಿಂದ ಅದು ಸಿಗಲೆಂದು ಬಸ್ಸು ಹತ್ತಿ ಇಳಿದವಳು, ಅದು ಹೋಯಿತೆಂದು ಕೇಳಿ ಮೊದಲ ಸಲ ಕುರ್ಚಿಗೆ ಬೆನ್ನು ಹಚ್ಚಿ ಕೂತು ನೀರು ಕೇಳಿದಳು. ಕುಡಿದು, ಎರಡೂವರೆಯ ಬಸ್ಸಿಗೆ ಹೋದಳು. ಹೋಗುವಾಗ ತುಟಿ ಅಲುಗುತ್ತಿದ್ದವು. ದಾರಿಯಲ್ಲಿ ಯಾರೂ ಆಕೆಯನ್ನು ಮಾತಾಡಿಸದಿರಲಿ ಎಂದುಕೊಂಡೆ.

ಸೆಂಟರಿಗೆ ಕೀಲಿ ಹಾಕಿ ಮನೆಗೆ ಬಂದು, ಕೈಕಾಲು ತೊಳೆಯದೆ ಅಡ್ಡಾದೆ. ಹೆಂಡತಿ ತಾಟು ಇಟ್ಟು ಕೇಳಿದಳು, ನಾಲ್ಕು ದಿನ ಸರಿಯಾಗಿ ಉಣ್ಣದೆ ಮಾಡಿದಿರಲ್ಲ, ಅಂಥದ್ದೇನಿತ್ತು ಅದರಲ್ಲಿ ಎಂದು. ನನಗೆ ಗೊತ್ತಿಲ್ಲ ಎಂದೆ. ನಾಲ್ಕು ದಿನ ಮಾಡಿ ಗೊತ್ತಿಲ್ಲ ಅಂದ್ರ ಹೆಂಗ್ರಿ ಎಂದಳು. ಸಂಸಾರದಲ್ಲಿ ನಾನು ಆಡಿದ ಹಲವು ಸುಳ್ಳುಗಳನ್ನು ಆಕೆ ನಂಬಿದ್ದಾಳೆ. ಈ ಒಂದು ಮಾತನ್ನು ಇವತ್ತಿಗೂ ನಂಬಿಲ್ಲ.